ಕಸ್ತೂರಬಾಗೆ ಪೆನಿಸಿಲಿನ್ ಬೇಡ ಎಂದ ಗಾಂಧಿ: ಫಾರ್ವರ್ಡ್‌ನಲ್ಲಿ ಇರುವುದೆಷ್ಟು, ಬಿಟ್ಟಿರುವುದೆಷ್ಟು?

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಗಾಂಧೀಜಿ ತಮಗೆ ಕಾಯಿಲೆ ಬಂದಾಗ ಇಂಗ್ಲಿಷ್ ಡಾಕ್ಟರಿಂದ ಆಪರೇಷನ್ ಮಾಡಿಸಿಕೊಂಡರು, ಮಲೇರಿಯಾ ಬಂದಾಗ ಕ್ವಿನೈನ್ ನುಂಗಿದರು, ಆದರೆ ಹೆಂಡತಿಗೆ ಮಾತ್ರ ಒಂದು ಇಂಜೆಕ್ಷನ್ ಕೊಡಿಸದೆ ಸಾಯಲು ಬಿಟ್ಟರು ಎಂಬುದು ಅದರ ಸಾರಾಂಶ. ಕೆಳಗೆ ಸಿಟ್ಟಿನ ಎರಡು ಇಮೋಜಿ, ಎಲ್ಲರಿಗೂ ಕಳಿಸಿ ಎಂಬ ಆಜ್ಞೆ.

ಆಪರೇಷನ್ ನಿಜ, ಕ್ವಿನೈನ್ ನಿಜ, ಪೆನಿಸಿಲಿನ್ ಬೇಡ ಎಂದದ್ದೂ ನಿಜ. ಆದರೆ ಈ ಮೂರನ್ನು ಒಂದೇ ಸಾಲಿಗೆ ಪೋಣಿಸಿದಾಗ ಅಸಲಿ ಪ್ರಶ್ನೆ ಕಳೆದುಹೋಗುತ್ತದೆ. ರೋಗಿ, ಮನೆಯವರು, ಡಾಕ್ಟರು, ಈ ಮೂವರಲ್ಲಿ ಚಿಕಿತ್ಸೆಯನ್ನು ತೀರ್ಮಾನಿಸಬೇಕಾದವರು ಯಾರು? ಗಾಂಧಿಯ ಬದುಕಿನುದ್ದಕ್ಕೂ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಿದೆ. ಒಂದೊಂದು ಸಲ ಒಂದೊಂದು ಉತ್ತರ.

ಅಪ್ಪನ ಆಪರೇಷನ್ ನಿಂತದ್ದು

ಮೋಹನದಾಸ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಹೈಸ್ಕೂಲಿನಲ್ಲಿದ್ದಾಗ ತಂದೆ ಕರಮಚಂದರಿಗೆ ಫಿಸ್ಟುಲಾ, ಅಂದರೆ ಭಗಂದರ. ಗಾಯ ತೊಳೆದು ಪಟ್ಟಿ ಕಟ್ಟುವುದು, ಔಷಧ ಕಲಸಿ ಕೊಡುವುದು, ರಾತ್ರಿ ಕಾಲು ಒತ್ತುವುದು ಹುಡುಗನ ಕೆಲಸ. ಮುಂಬಯಿಯ ಹೆಸರಾಂತ ಸರ್ಜನ್ ಆಪರೇಷನ್ ಆಗಬೇಕು ಎಂದರು. ಮನೆ ವೈದ್ಯರು ಈ ವಯಸ್ಸಿನಲ್ಲಿ ಬೇಡ ಎಂದರು. ಮನೆ ವೈದ್ಯರ ಮಾತೇ ನಡೆಯಿತು. 1885ರಲ್ಲಿ ತಂದೆ ತೀರಿಕೊಂಡರು. ಆಪರೇಷನ್ ಆಗಿದ್ದರೆ ಗಾಯ ಮಾಯುತ್ತಿತ್ತೇನೋ ಎಂಬ ಅನಿಸಿಕೆಯನ್ನು ಗಾಂಧಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮೆಟ್ರಿಕ್ ಆದ ಮೇಲೆ ಅವರಿಗೆ ಡಾಕ್ಟರಾಗುವ ಆಸೆಯಿತ್ತು. ವೈಷ್ಣವರ ಮನೆಯ ಹುಡುಗ ಹೆಣ ಕುಯ್ಯುವುದು ತಂದೆಗೆ ಇಷ್ಟವಿರಲಿಲ್ಲ ಎಂದು ಅಣ್ಣ ತಡೆದರು. ಹೀಗೆ ವಕೀಲರಾದರು.

ಮಗ, ಮೊಟ್ಟೆ ಮತ್ತು ಒದ್ದೆ ಬಟ್ಟೆ

1902ರ ಹೊತ್ತಿಗೆ ಮುಂಬಯಿಯಲ್ಲಿ ಎರಡನೇ ಮಗ ಮಣಿಲಾಲನಿಗೆ ಟೈಫಾಯ್ಡ್, ಜೊತೆಗೆ ನ್ಯುಮೋನಿಯಾ. ಹುಡುಗನಿಗೆ ಹತ್ತು ವರ್ಷ. ಪಾರ್ಸಿ ಡಾಕ್ಟರು ಮೊಟ್ಟೆ ಮತ್ತು ಕೋಳಿ ಸಾರು ಕೊಡಿ ಎಂದರು. ಗಾಂಧಿ ಒಪ್ಪಲಿಲ್ಲ. ತಣ್ಣೀರ ಸ್ನಾನ, ಮೈಗೆ ಒದ್ದೆ ಬಟ್ಟೆ ಸುತ್ತುವುದು ಇಂಥ ನೀರಿನ ಚಿಕಿತ್ಸೆ ಮಾಡುತ್ತೇನೆ, ನೀವು ಬಂದು ನಾಡಿ, ಎದೆ ನೋಡಿ ಹೇಳುತ್ತಿರಿ ಎಂದು ಕೇಳಿಕೊಂಡರು. ಡಾಕ್ಟರು ಒಪ್ಪಿದರು. ಮಗನನ್ನೂ ಕೇಳಿದರು, ಅವನೂ ಅಪ್ಪ ಹೇಳಿದಂತೆಯೇ ಆಗಲಿ ಎಂದ. ಹತ್ತು ವರ್ಷದ ಹುಡುಗ ಬೇರೆ ಏನು ಹೇಳಿಯಾನು!

ಹುಡುಗ ಉಳಿದ. ಇದನ್ನು ಓದಿ ಯಾರೂ ಟೈಫಾಯ್ಡ್‌ಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂರಬೇಡಿ. ಆಗ ಟೈಫಾಯ್ಡ್‌ಗೆ ಮದ್ದೇ ಇರಲಿಲ್ಲ. ಅದನ್ನು ಗುಣಪಡಿಸುವ ಮೊದಲ ಆಂಟಿಬಯಾಟಿಕ್ ಕ್ಲೋರಾಂಫೆನಿಕಾಲ್ ಬಂದದ್ದು 1948ರ ಸುಮಾರಿಗೆ. ಅಲ್ಲಿಯವರೆಗೆ ಜ್ವರ ಇಳಿಸುವುದು, ನೀರು ಆಹಾರ ಕೊಡುವುದು, ಕಾಯುವುದು ಇಷ್ಟೇ ಇದ್ದದ್ದು.

ಡರ್ಬನ್‌ನಲ್ಲಿ ಮುಚ್ಚಿಟ್ಟ ಸಂಗತಿ

ದಕ್ಷಿಣ ಆಫ್ರಿಕಾದಲ್ಲಿದ್ದಾಗ ಕಸ್ತೂರಬಾಗೆ ರಕ್ತಸ್ರಾವವಾಗಿ ಡರ್ಬನ್‌ನಲ್ಲಿ ಆಪರೇಷನ್ ಆಯಿತು. ತುಂಬಾ ನಿತ್ರಾಣರಾಗಿದ್ದ ಕಾರಣ ಕ್ಲೋರೋಫಾರಂ ಕೊಡದೆಯೇ ಮಾಡಿದರು. ಗಾಂಧಿ ಜೋಹಾನ್ಸ್‌ಬರ್ಗ್‌ಗೆ ಹೋಗಿದ್ದಾಗ ಡಾಕ್ಟರಿಂದ ಫೋನ್ ಬಂತು: ದನದ ಮಾಂಸದ ಸಾರು ಕೊಡಬೇಕು, ಒಪ್ಪಿಗೆ ಕೊಡಿ. ಅವಳನ್ನೇ ಕೇಳಿ, ಅವಳು ಒಪ್ಪಿದರೆ ನನ್ನ ಅಡ್ಡಿಯಿಲ್ಲ ಎಂಬ ಅರ್ಥದ ಉತ್ತರ ಹೋಯಿತು. ರೋಗಿಯನ್ನು ಇಂಥದ್ದೆಲ್ಲ ಕೇಳುವ ಪದ್ಧತಿ ತನ್ನದಲ್ಲ ಎಂದರು ಡಾಕ್ಟರು. ಗಾಂಧಿ ರೈಲು ಹತ್ತಿ ಬಂದು ನೋಡಿದರೆ, ಫೋನ್ ಮಾಡುವ ಮೊದಲೇ ಸಾರು ಕೊಟ್ಟಾಗಿತ್ತು! ಜೀವ ಉಳಿಸಲು ರೋಗಿಗೂ ಮನೆಯವರಿಗೂ ಸುಳ್ಳು ಹೇಳುವುದು ತಪ್ಪಲ್ಲ ಎಂಬುದು ಡಾಕ್ಟರ ನಿಲುವು. ಅವರು ಗಾಂಧಿಗೆ ಸ್ನೇಹಿತರೇ, ಕೆಟ್ಟ ಮನುಷ್ಯರಲ್ಲ. ಆ ಕಾಲದ ಬಹುತೇಕ ಡಾಕ್ಟರುಗಳು ಹಾಗೆಯೇ ಯೋಚಿಸುತ್ತಿದ್ದರು.

ಗಾಂಧಿ ಕಸ್ತೂರಬಾರ ಹಾಸಿಗೆಯ ಪಕ್ಕ ಕೂತು ಕೇಳಿದರು. ನನ್ನ ನಂಬಿಕೆಗೆ ನೀನು ಕಟ್ಟುಬೀಳಬೇಕಿಲ್ಲ, ಔಷಧವೆಂದು ಮಾಂಸ ತಿನ್ನುವ ಹಿಂದೂಗಳೂ ಇದ್ದಾರೆ ಎಂದೂ ತಿಳಿಸಿದರು. ಆಕೆ ಸುತರಾಂ ಒಪ್ಪಲಿಲ್ಲ. ಸಾರು ಕೊಡದಿದ್ದರೆ ಇಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದರು ಡಾಕ್ಟರು. ತುಂತುರು ಮಳೆಯಲ್ಲಿ, ಮೂಳೆ ಚಕ್ಕಳವಾಗಿದ್ದ ಹೆಂಡತಿಯನ್ನು ರಿಕ್ಷಾ, ರೈಲಿನಲ್ಲಿ ಸಾಗಿಸಿ, ಕೊನೆಗೆ ಜೋಲಿಯಲ್ಲಿ ಹೊರಿಸಿಕೊಂಡು ಫೀನಿಕ್ಸ್ ಆಶ್ರಮಕ್ಕೆ ತಂದರು. ಅಲ್ಲಿ ಆಕೆ ನಿಧಾನಕ್ಕೆ ಚೇತರಿಸಿಕೊಂಡರು.

ಇಷ್ಟೆಲ್ಲ ಜಗಳಕ್ಕೆ ಕಾರಣವಾದ ಆ ಸಾರಿನಲ್ಲಿ ಪೌಷ್ಟಿಕಾಂಶ ಇರುವುದು ತೀರಾ ಕಡಿಮೆ. ಮಾಂಸದ ರುಚಿ, ಉಪ್ಪು ನೀರಿಗಿಳಿಯುತ್ತದೆ, ಪ್ರೋಟೀನ್ ಬಹುಪಾಲು ಮಾಂಸದಲ್ಲೇ ಉಳಿಯುತ್ತದೆ. ರೋಗಿಗೆ ಅದು ಅಮೃತ ಎಂಬುದು ಆಗಿನ ಯುರೋಪಿನ ನಂಬಿಕೆ. ಇಂಥ ನಂಬಿಕೆಗಳು ನಮ್ಮಲ್ಲಿ ಮಾತ್ರ ಇರುತ್ತವೆ ಎಂದುಕೊಳ್ಳಬಾರದು.

ಹೊಂದಾಣಿಕೆ ಕಂಡುಹಿಡಿದದ್ದು ಕಸ್ತೂರಬಾ

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ಗಾಂಧಿಗೆ ಜೋರಾಗಿ ಆಮಶಂಕೆ. ಸಾವಿನ ಬಾಗಿಲು ನೋಡಿ ಬಂದರು. ಮುಂಬಯಿಯ ಡಾ. ದಲಾಲ್ ಪರೀಕ್ಷಿಸಿ, ಹಾಲು ಕುಡಿಯದೆ ಈ ದೇಹ ಮೇಲೇಳುವುದಿಲ್ಲ, ಜೊತೆಗೆ ಕಬ್ಬಿಣ ಮತ್ತು ಆರ್ಸೆನಿಕ್ ಇಂಜೆಕ್ಷನ್ ಬೇಕು ಎಂದರು. ಗಾಂಧಿ ಇಂಜೆಕ್ಷನ್‌ಗೆ ಒಪ್ಪಿದರು! ಫಾರ್ವರ್ಡ್ ಕಳಿಸುವವರು ಇದನ್ನು ಗಮನಿಸಬೇಕು. ಹಾಲು ಮಾತ್ರ ಬೇಡ, ಬಿಡುತ್ತೇನೆಂದು ಪ್ರತಿಜ್ಞೆ ಮಾಡಿದ್ದೇನೆ ಎಂದರು. ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಕರೆಯುವುದನ್ನು ಕೇಳಿ ಮಾಡಿದ ಪ್ರತಿಜ್ಞೆ ಅದು.

ಪಕ್ಕದಲ್ಲಿ ನಿಂತಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಏನು ಅಡ್ಡಿ ಎಂದು ಕೇಳಿದರು. ಅಷ್ಟು ಸಾಕು ಎಂದರು ಡಾಕ್ಟರು. ಗಾಂಧಿ ಒಳಗೊಳಗೇ ಕೊರಗುತ್ತಲೇ ಒಪ್ಪಿದರು. ಪೋಷಣೆಯ ಲೆಕ್ಕದಲ್ಲಿ ಆಡಿನ ಹಾಲಿಗೂ ಹಸುವಿನ ಹಾಲಿಗೂ ದೊಡ್ಡ ವ್ಯತ್ಯಾಸವಿಲ್ಲ, ಡಾಕ್ಟರು ಹೇಳಿದ್ದು ಸರಿ. ಗಾಂಧಿಯ ಆಡು ಮುಂದೆ ಕಾರ್ಟೂನುಗಳಲ್ಲೆಲ್ಲ ಬಂತು. ಅದನ್ನು ತಂದದ್ದು ಕಸ್ತೂರಬಾ ಎಂಬುದು ಹಿಂದೆ ಸರಿಯಿತು. ಏನು ಬೇಕೆಂದು ಡಾಕ್ಟರು ಹೇಳಿದರು, ಏನು ಆಗದೆಂದು ರೋಗಿ ಹೇಳಿದರು, ಇಬ್ಬರನ್ನೂ ಬಲ್ಲ ಮನೆಯವರು ನಡುವಿನ ದಾರಿ ತೋರಿಸಿದರು. ಈಗ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಸುವ ಜಂಟಿ ನಿರ್ಧಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಲಾಟೀನಿನ ಬೆಳಕಿನ ಆಪರೇಷನ್

1924ರ ಜನವರಿ 12. ಯರವಡಾ ಜೈಲಿನ ಕೈದಿ ಗಾಂಧಿಗೆ ಅಪೆಂಡಿಸೈಟಿಸ್. ಪುಣೆಯ ಸಸೂನ್ ಆಸ್ಪತ್ರೆಗೆ ತಂದರು. ಸರ್ಜನ್ ಕರ್ನಲ್ ಮ್ಯಾಡಾಕ್ ತಡಮಾಡುವಂತಿಲ್ಲ ಎಂದರು. ಗಾಂಧಿ ಹೆಸರಿಸಿದ ಡಾ. ದಲಾಲ್ ಮತ್ತು ಡಾ. ಜೀವರಾಜ್ ಮೆಹ್ತಾ ಸಮಯಕ್ಕೆ ಸಿಗಲಿಲ್ಲ. ಕೈದಿ ಟೇಬಲ್ ಮೇಲೆ ಸತ್ತರೆ ಬ್ರಿಟಿಷರೇ ಕೊಂದರು ಎಂದು ದೇಶ ಹತ್ತಿ ಉರಿಯುತ್ತಿತ್ತು. ಹಾಗಾಗಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿ ಒಂದು ಹೇಳಿಕೆ ಬರೆಸಿದರು. ಡಾಕ್ಟರ ಮೇಲೆ ನಂಬಿಕೆಯಿದೆ, ಆಪರೇಷನ್‌ಗೆ ಒಪ್ಪಿದ್ದೇನೆ ಎಂಬ ಅದಕ್ಕೆ ಗಾಂಧಿ ನಡುಗುವ ಕೈಯಲ್ಲಿ ಸಹಿ ಹಾಕಿದರು. ಆಪರೇಷನ್ ನಡುವೆ ಕರೆಂಟ್ ಹೋಯಿತು, ಲಾಟೀನು ಹಿಡಿದು ಮುಗಿಸಿದರು. ಫೆಬ್ರವರಿ 5ಕ್ಕೆ ಸರ್ಕಾರ ಅವರನ್ನು ಬಿಡುಗಡೆ ಮಾಡಿತು.

ಈಗ ನಮ್ಮ ಆಸ್ಪತ್ರೆಗಳಲ್ಲಿ ಫಾರಂಗೆ ಮಗನೋ ಅಳಿಯನೋ ಸಹಿ ಹಾಕುವುದೇ ಹೆಚ್ಚು. ಕಾನೂನು ಹೇಳುವುದು ಬೇರೆ. ತಾಯಿ ಕೊಟ್ಟ ಒಪ್ಪಿಗೆಯ ಮೇಲೆ ಮಗಳ ಗರ್ಭಕೋಶ ತೆಗೆದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಜೀವ ಉಳಿಸುವ ತುರ್ತು ಇದ್ದಾಗ ಮಾತ್ರ ವಿನಾಯಿತಿ.

ಸಾಗರದವರೆಗೆ ಬಂದು ಜೋಗ ನೋಡದೆ ಹೋದದ್ದು

1927ರ ಮಾರ್ಚ್‌ನಲ್ಲಿ ನಿಪ್ಪಾಣಿ, ಕೊಲ್ಹಾಪುರ ಕಡೆಯ ಪ್ರವಾಸದಲ್ಲಿ ಗಾಂಧಿ ಕುಸಿದರು. ರಕ್ತದೊತ್ತಡ ಏರಿತ್ತು. ಬಿಪಿ ಇಳಿಸುವ ಒಳ್ಳೆಯ ಮಾತ್ರೆಗಳು ಬಂದದ್ದು 1950ರ ದಶಕದಲ್ಲಿ, ಆಗ ಇದ್ದ ಮದ್ದು ವಿಶ್ರಾಂತಿಯೊಂದೇ. ಡಾಕ್ಟರುಗಳ ಮಾತಿಗೆ ಒಪ್ಪಿ ಪ್ರವಾಸ ನಿಲ್ಲಿಸಿ ನಂದಿ ಬೆಟ್ಟಕ್ಕೆ ಬಂದರು. ಜೂನ್‌ನಲ್ಲಿ ಬೆಂಗಳೂರಿನ ಕುಮಾರ ಪಾರ್ಕಿಗೆ ಇಳಿದರು. ಸುಧಾರಿಸಿದ ಮೇಲೆ ಮೈಸೂರು ಸಂಸ್ಥಾನದೊಳಗೆ ಹಗುರವಾದ ಓಡಾಟ ಶುರುಮಾಡಿದರು.

ಹೀಗೆ ಆಗಸ್ಟ್‌ನಲ್ಲಿ, ಸುರಿವ ಮಳೆಗಾಲದಲ್ಲಿ, ಶಿವಮೊಗ್ಗ, ತೀರ್ಥಹಳ್ಳಿ, ಸಾಗರಕ್ಕೆ ಬಂದರು. ಲಿಂಗನಮಕ್ಕಿ ಅಣೆಕಟ್ಟು ಇಲ್ಲದ ಕಾಲ, ಜೋಗ ತುಂಬಿ ಬೀಳುತ್ತಿತ್ತು. ಕಾಕಾ ಕಾಲೇಲ್ಕರ್ ಎಷ್ಟು ಒತ್ತಾಯಿಸಿದರೂ ಗಾಂಧಿ ನೋಡಲು ಹೋಗಲಿಲ್ಲ. ಕಾರ್ಯದರ್ಶಿ ಮಹಾದೇವ ದೇಸಾಯಿಯವರೂ ಅವರ ಜೊತೆ ಉಳಿದರು. ಉಳಿದವರು ಹೋಗಿ ನೋಡಿ ಬಂದರು.

ಆ ಕಾಲದ ಮಲೆನಾಡೆಂದರೆ ಚಳಿಜ್ವರ, ಗಡ್ಡೆ, ಕ್ವಿನೈನ್. ಈಗ ಅದೇ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಹೆದರುವುದು ಮಂಗನ ಕಾಯಿಲೆಗೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್‌ಗೆ ಇವತ್ತಿಗೂ ನಿರ್ದಿಷ್ಟ ಔಷಧವಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಅದು ಎಷ್ಟು ಜೋರಾಗಿತ್ತೆಂದು ಊರವರಿಗೆ ಗೊತ್ತು. ಮದ್ದಿಲ್ಲದ ಕಾಯಿಲೆಯಲ್ಲಿ ಮಾತುಕತೆ ಇನ್ನಷ್ಟು ಮುಖ್ಯ: ಊರಿನ ಆಸ್ಪತ್ರೆಯಲ್ಲೇ ಡ್ರಿಪ್ ಹಾಕಿಸಿ ನೋಡುವುದಾ, ಶಿವಮೊಗ್ಗಕ್ಕೆ ಹೋಗುವುದಾ, ಘಾಟಿ ಇಳಿದು ಮಣಿಪಾಲಕ್ಕಾ? ರಕ್ತಸ್ರಾವ, ಪ್ಲೇಟ್‌ಲೆಟ್ ಲೆಕ್ಕ ಬಲ್ಲವರು ಡಾಕ್ಟರು, ಗಾಡಿ, ದುಡ್ಡು, ಕೊಟ್ಟಿಗೆಯ ದನ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬಲ್ಲವರು ಮನೆಯವರು. ಮಲಗಿರುವವರನ್ನು ಕೇಳುವುದು ಮಾತ್ರ ಮರೆತುಹೋಗುತ್ತದೆ.

ಆಗಾ ಖಾನ್ ಅರಮನೆಯ ಕೊನೆಯ ದಿನ

1942ರ ಆಗಸ್ಟ್‌ನಲ್ಲಿ ಗಾಂಧಿ, ಕಸ್ತೂರಬಾ, ಮಹಾದೇವ ದೇಸಾಯಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಗಳಾದರು. ಆರೇ ದಿನಕ್ಕೆ, ಆಗಸ್ಟ್ 15ರಂದು, ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು.

1943ರ ಕೊನೆಯಿಂದ ಕಸ್ತೂರಬಾರ ಹೃದಯ ಸೋಲತೊಡಗಿತು. ಜೊತೆ ಬಂಧಿಗಳಾಗಿದ್ದ ಡಾ. ಗಿಲ್ಡರ್ ಮತ್ತು ಡಾ. ಸುಶೀಲಾ ನಯ್ಯರ್ ಅಲೋಪಥಿ ಚಿಕಿತ್ಸೆ ಕೊಡುತ್ತಿದ್ದರು. ಅಂದರೆ ಇಂಗ್ಲಿಷ್ ಔಷಧಕ್ಕೆ ತಡೆಯಿರಲಿಲ್ಲ. ಕಸ್ತೂರಬಾ ತಾವಾಗಿ ಕೇಳಿದ್ದು ಆಯುರ್ವೇದ ವೈದ್ಯರನ್ನು. ಸರ್ಕಾರ ಸತಾಯಿಸಿತು, ಗಾಂಧಿ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ ಲಾಹೋರಿನ ವೈದ್ಯ ಶಿವ ಶರ್ಮಾ ಬಂದರು. ರಾತ್ರಿ ಒಳಗಿರಲು ಅನುಮತಿಯಿಲ್ಲದೆ ಗೇಟಿನ ಹೊರಗೆ ಕಾರಿನಲ್ಲಿ ಮಲಗಿದರು. ಅವರ ಔಷಧವೂ ನಾಟದೆ ಮತ್ತೆ ಡಾಕ್ಟರುಗಳ ಕೈಗೇ ಬಂತು.

ಆಗ ಕಿರಿಯ ಮಗ ದೇವದಾಸ್ ಇದ್ದಾಗಲೇ ಕಲ್ಕತ್ತೆಯಿಂದ ವಿಮಾನದಲ್ಲಿ ಪೆನಿಸಿಲಿನ್ ಬಂತು. ಯುದ್ಧಕಾಲ, ಸೈನಿಕರಿಗೇ ಸಾಲದ ಹೊಸ ಮದ್ದು. ಕಿಡ್ನಿ ಅದನ್ನು ಬೇಗ ಹೊರಹಾಕುವುದರಿಂದ ಮೂರು ನಾಲ್ಕು ಗಂಟೆಗೊಮ್ಮೆ, ಹಗಲೂ ರಾತ್ರಿ ಚುಚ್ಚಬೇಕಿತ್ತು. ಇಂಜೆಕ್ಷನ್ ಎಂದು ತಿಳಿದ ಮೇಲೆ ಗಾಂಧಿ ಬೇಡ ಎಂದರು. ಮಗ ವಾದಿಸಿದರು, ಕೊನೆಗೆ ಸುಮ್ಮನಾದರು. ಅದೇ ದಿನ, 1944ರ ಫೆಬ್ರವರಿ 22ರ ಸಂಜೆ, ಕಸ್ತೂರಬಾ ಗಂಡನ ತೊಡೆಯ ಮೇಲೆ ಪ್ರಾಣ ಬಿಟ್ಟರು.

ಪೆನಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಸೋಲುತ್ತಿರುವ ಹೃದಯವನ್ನು ಅದು ಎತ್ತಿ ನಿಲ್ಲಿಸುವುದಿಲ್ಲ. ಆ ಕೊನೆಯ ಗಂಟೆಗಳಲ್ಲಿ ಕೊಟ್ಟಿದ್ದರೆ ಬದುಕುತ್ತಿದ್ದರು ಎನ್ನಲು ವೈದ್ಯಕೀಯ ಆಧಾರವಿಲ್ಲ. ಸಾಯಲು ಬಿಟ್ಟರು ಎಂಬ ಫಾರ್ವರ್ಡ್‌ನ ಮಾತು ಇಲ್ಲಿ ನಿಲ್ಲುವುದಿಲ್ಲ. ಆದರೆ ಗಾಂಧಿಯನ್ನು ಸುಲಭಕ್ಕೆ ಬಿಟ್ಟುಕೊಡಲೂ ಆಗದು. ಡರ್ಬನ್‌ನಲ್ಲಿ ಹಾಸಿಗೆಯ ಪಕ್ಕ ಕೂತು ಆಕೆಯನ್ನೇ ಕೇಳಿದ್ದವರು, ಇಲ್ಲಿ ಮಗನ ಜೊತೆ ವಾದಿಸಿ ತೀರ್ಮಾನಿಸಿದರು. ಅಷ್ಟು ಹೊತ್ತಿಗೆ ಕೇಳುವ ಕಾಲ ಮೀರಿತ್ತು. ಇಂಥ ಗಳಿಗೆಗೆಂದೇ ಈಗ ಮುಂಚಿತವಾಗಿ ಬರೆದಿಡುವ ವ್ಯವಸ್ಥೆಯಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದ್ದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಪ್ರಜ್ಞೆ ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಆರೋಗ್ಯವಾಗಿರುವಾಗಲೇ ಬರೆದಿಡಬಹುದು.

ಕ್ವಿನೈನ್ ಕಥೆ ಇದಾಗಿ ಸುಮಾರು ಆರು ವಾರಕ್ಕೆ. ಗಾಂಧಿಗೆ ಮಲೇರಿಯಾ ಬಂದು 105 ಡಿಗ್ರಿ ಜ್ವರ. ಹಣ್ಣಿನ ರಸ, ಉಪವಾಸದಲ್ಲೇ ವಾಸಿಯಾಗುತ್ತದೆ ಎಂದು ಅವರು ಮೊದಲು ಕ್ವಿನೈನನ್ನೂ ಬೇಡ ಎಂದಿದ್ದರು. ಎರಡು ದಿನ ಬಿಟ್ಟು ಒಪ್ಪಿ, ಒಟ್ಟು 33 ಗ್ರೇನ್, ಅಂದರೆ ಸುಮಾರು 2 ಗ್ರಾಂ ನುಂಗಿದರು. ಜ್ವರ ಬಿಟ್ಟಿತು.

1947ರ ಮೇ ತಿಂಗಳಲ್ಲಿ ಪಟ್ನಾದಲ್ಲಿ ಮೊಮ್ಮಗಳ ವರಸೆಯ ಮನುಗೆ ಹೊಟ್ಟೆನೋವು ಬಂತು. ಗಾಂಧಿ ಮೊದಲು ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿಸಿ ನೋಡಿದರು. ಅಪೆಂಡಿಸೈಟಿಸ್ ಎಂದು ಗೊತ್ತಾದ ಮೇಲೆ ಆಪರೇಷನ್‌ಗೆ ಒಪ್ಪಿದರು. ಅದು ಮುಗಿಯುವವರೆಗೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಆಪರೇಷನ್ ಕೋಣೆಯೊಳಗೇ ಇದ್ದರು.