ಡಾ. ಜಾಕಿರ್ ಹುಸೇನ್: ಮಗಳ ಹೆಸರಿನಲ್ಲಿ ಕಥೆ ಬರೆದ ತಂದೆ

ಡಾ. ಜಾಕಿರ್ ಹುಸೇನ್ ಎಂದರೆ ನನಗೆ ಗೊತ್ತಿದ್ದದ್ದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿದ್ದಷ್ಟೇ. ಭಾರತದ ಮೂರನೆಯ ರಾಷ್ಟ್ರಪತಿ, ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮರು, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ. ಕ್ವಿಜ್‌ಗೆ ಇಷ್ಟು ಸಾಕು. ಅವರಿಗೂ ನಮ್ಮಂಥ ಪುಟ್ಟ ಹೆಣ್ಣುಮಕ್ಕಳಿದ್ದರು ಎಂಬುದು ನನಗೆ ತಿಳಿದದ್ದು ಈ ದಸರಾ ರಜೆಯಲ್ಲಿ, ಅದೂ ಒಂದು ಜಗಳದಿಂದ.

ನನ್ನ ಅಬ್ಬಾ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ನಾವು ಮೂವರು ಹೆಣ್ಣುಮಕ್ಕಳು, ನಾನೇ ದೊಡ್ಡವಳು. ರಜೆಯಲ್ಲಿ ಜೋಗಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅಬ್ಬಾ ಮಾತು ಕೊಟ್ಟಿದ್ದರು. ಹೊರಡುವ ಹಿಂದಿನ ದಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ತೆಗೆದುಕೊಳ್ಳಬೇಕಾಗಿ ಬಂತು. ಚಿಕ್ಕ ತಂಗಿ ಆಗಲೇ ಬ್ಯಾಗು ತುಂಬಿಟ್ಟುಕೊಂಡಿದ್ದಳು. ಅವಳು ಅತ್ತಳು. ನಾನು ಅಳಲಿಲ್ಲ, ಆದರೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ನಿಮಗೆ ಯಾವಾಗಲೂ ಬೇರೆಯವರ ಮಕ್ಕಳೇ ಮೊದಲು ಎಂದು ಅಬ್ಬಾಗೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ.

ಅಬ್ಬಾ ಏನೂ ಅನ್ನಲಿಲ್ಲ. ರಾತ್ರಿ ಇಶಾ ನಮಾಜ್ ಆದ ಮೇಲೆ ಮೂವರನ್ನೂ ಕೂರಿಸಿಕೊಂಡು ಒಂದು ಮೇಕೆಯ ಕಥೆ ಹೇಳಿದರು. ಅದು ಅವರು ಉರ್ದು ಶಾಲೆಯಲ್ಲಿ ಕಲಿತ ಕಥೆ. ಮುಗಿಸಿದ ಮೇಲೆ ಅದನ್ನು ಬರೆದವರು ಯಾರು, ಯಾರ ಹೆಸರಿನಲ್ಲಿ ಬರೆದರು ಎಂಬುದನ್ನೂ ಹೇಳಿದರು. ಅಂದು ನನಗೆ ನಿದ್ದೆ ಬೇಗ ಬರಲಿಲ್ಲ. ಕಾಲೇಜು ತೆರೆದ ಮೇಲೆ ಗ್ರಂಥಾಲಯದಲ್ಲಿ ಓದಿ, ಉರ್ದು ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಾಕಿರ್ ಹುಸೇನ್ ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಅವರ ಮನೆತನ ಉತ್ತರ ಪ್ರದೇಶದ ಫರೂಖಾಬಾದ್ ಜಿಲ್ಲೆಯ ಕಾಯಂಗಂಜ್‌ನ ಪಠಾಣರದು. ತಂದೆ ಫಿದಾ ಹುಸೇನ್ ಖಾನ್ ವಕೀಲರು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ, 1907ರಲ್ಲಿ ತಂದೆ ತೀರಿಕೊಂಡರು. ಕುಟುಂಬ ಕಾಯಂಗಂಜ್‌ಗೆ ಮರಳಿತು. ಜಾಕಿರ್ ಇಟಾವಾದ ಇಸ್ಲಾಮಿಯಾ ಹೈಸ್ಕೂಲಿಗೆ ಸೇರಿದರು. ಅಲ್ಲಿ ಓದುತ್ತಿದ್ದಾಗಲೇ, 1911ರಲ್ಲಿ, ಪ್ಲೇಗ್ ಬಂದು ತಾಯಿಯೂ ಹೋದರು. ಹದಿನಾಲ್ಕನೆಯ ವಯಸ್ಸಿಗೆ ಅವರು ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗ. ಮುಂದೆ ಅವರು ಊರ ಮಕ್ಕಳನ್ನೆಲ್ಲ ತನ್ನ ಮಕ್ಕಳೆಂಬಂತೆ ನೋಡಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನಗನ್ನಿಸುತ್ತದೆ.

1915ರಲ್ಲಿ ಶಾಹಜಹಾನ್ ಬೇಗಂ ಅವರೊಂದಿಗೆ ಮದುವೆಯಾಯಿತು. ಆಗ ಅವರಿಗೆ ಹದಿನೆಂಟು, ಇನ್ನೂ ಅಲಿಗಢದಲ್ಲಿ ವಿದ್ಯಾರ್ಥಿ. 1920ರಲ್ಲಿ ಗಾಂಧೀಜಿಯವರು ಅಸಹಕಾರ ಚಳವಳಿಗೆ ಕರೆ ಕೊಟ್ಟಾಗ ಅಲಿಗಢ ಕಾಲೇಜಿನಿಂದ ಹೊರಬಂದವರಲ್ಲಿ ಅವರೂ ಒಬ್ಬರು. ಹೀಗೆ ಹೊರಬಂದವರೂ ಅವರ ಹಿರಿಯರೂ ಸೇರಿ ಅದೇ ವರ್ಷ ಅಕ್ಟೋಬರ್ 29ರಂದು ಸ್ಥಾಪಿಸಿದ ಸಂಸ್ಥೆಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಆಮೇಲೆ ಜಾಕಿರ್ ಸಾಹೇಬರು ಜರ್ಮನಿಗೆ ಹೋಗಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಅವರು ಜರ್ಮನಿಯಲ್ಲಿದ್ದಾಗ ಖಿಲಾಫತ್ ಚಳವಳಿ ಮುಗಿದು, ಜಾಮಿಯಾಗೆ ಬರುತ್ತಿದ್ದ ಹಣ ನಿಂತುಹೋಯಿತು. 1925ರಲ್ಲಿ ಸಂಸ್ಥೆಯನ್ನು ದೆಹಲಿಯ ಕರೋಲ್ ಬಾಗ್‌ಗೆ ಸಾಗಿಸಿದರು. ಮುಚ್ಚಿಬಿಡುವ ಮಾತೂ ಎದ್ದಿತ್ತು. ಜಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಮೂವರು ಗೆಳೆಯರು ತಾವು ಬಂದು ದುಡಿಯುತ್ತೇವೆಂದು ಜರ್ಮನಿಯಿಂದಲೇ ಒಪ್ಪಿಕೊಂಡರು. 1926ರಲ್ಲಿ ಹಿಂದಿರುಗಿ ಬಂದು ಜಾಕಿರ್ ಸಾಹೇಬರು ಜಾಮಿಯಾದ ಹೊಣೆ ಹೊತ್ತುಕೊಂಡಾಗ ಅವರ ವಯಸ್ಸು 29. ಬರ್ಲಿನ್ ಡಾಕ್ಟರೇಟ್ ಇದ್ದವರಿಗೆ ಒಳ್ಳೆಯ ಸಂಬಳದ ಕೆಲಸ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಜಾಮಿಯಾದ ಅಧ್ಯಾಪಕರು 1928ರಲ್ಲಿ ಮಾಡಿದ ಪ್ರತಿಜ್ಞೆ ಬೇರೆಯೇ ಆಗಿತ್ತು. ಇಪ್ಪತ್ತು ವರ್ಷ ಇಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯುವುದಿಲ್ಲ ಎಂದು. ಜಾಕಿರ್ ಸಾಹೇಬರು ಪಡೆಯುತ್ತಿದ್ದದ್ದು ಅದಕ್ಕಿಂತಲೂ ಕಡಿಮೆ. ಆ ಸಂಬಳವೂ ಎಲ್ಲ ತಿಂಗಳೂ ಸಮಯಕ್ಕೆ ಸರಿಯಾಗಿ ಕೈಗೆ ಬರುತ್ತಿರಲಿಲ್ಲ.

ಪ್ರತಿಜ್ಞೆ ಮಾಡಿದವರು ಅಧ್ಯಾಪಕರು. ಅದನ್ನು ದಿನವೂ ಅಡುಗೆಮನೆಯಲ್ಲಿ ನಡೆಸಿಕೊಟ್ಟವರು ಅವರ ಹೆಂಡತಿಯರು. ಶಾಹಜಹಾನ್ ಬೇಗಂ ಅವರ ಹೆಸರನ್ನು ನಾನು ಯಾವ ಕ್ವಿಜ್ ಪುಸ್ತಕದಲ್ಲೂ ನೋಡಿಲ್ಲ. ಆದರೆ ಆ ಮನೆ ನಡೆದದ್ದು, ಸಯೀದಾ ಮತ್ತು ಸಫಿಯಾ ಎಂಬ ಹೆಣ್ಣುಮಕ್ಕಳು ಬೆಳೆದದ್ದು ಅವರ ಕೈಯಲ್ಲಿ. ತಿಂಗಳ ಕೊನೆಯ ವಾರದಲ್ಲಿ ನನ್ನ ಅಮ್ಮಿ ಸಕ್ಕರೆ ಡಬ್ಬಿಯೊಳಗೆ ಇಣುಕಿ ನೋಡುವುದನ್ನು ಕಂಡಿರುವ ನನಗೆ ಆ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಾಗಲಿಲ್ಲ.

ಜಾಕಿರ್ ಸಾಹೇಬರ ಸ್ವಭಾವದ ಬಗ್ಗೆ ಎರಡು ಪ್ರಸಂಗಗಳನ್ನು ಎಲ್ಲರೂ ಹೇಳುತ್ತಾರೆ. ಜಾಮಿಯಾದ ಹುಡುಗರು ಕೊಳಕು ಬೂಟು ಹಾಕಿಕೊಂಡು ಬರುತ್ತಿದ್ದರಂತೆ. ಎಷ್ಟು ಹೇಳಿದರೂ ಕೇಳದಿದ್ದಾಗ, ಒಂದು ದಿನ ಅವರೇ ಬ್ರಷ್ಷು, ಪಾಲಿಶ್ ಹಿಡಿದು ಬಾಗಿಲ ಬಳಿ ಕುಳಿತು ಹುಡುಗರ ಬೂಟು ಉಜ್ಜತೊಡಗಿದರು. ಮಾರನೆಯ ದಿನದಿಂದ ಕೊಳಕು ಬೂಟು ಕಾಣಲಿಲ್ಲ. ಇನ್ನೊಂದು ಮನೆಯೊಳಗಿನದು. ಮನೆಯ ಆಳು ಬೆಳಗ್ಗೆ ತಡವಾಗಿ ಏಳುತ್ತಾನೆಂದು ಮನೆಯವರು ದೂರು ಹೇಳಿದರು. ಅವನನ್ನು ಬಿಡಿಸಿಬಿಡಿ ಎಂದರು. ಜಾಕಿರ್ ಸಾಹೇಬರು ಮುಂಜಾನೆ ಎದ್ದು, ಮುಖ ತೊಳೆಯಲು ನೀರು, ಆಮೇಲೆ ಚಹಾ, ಎರಡನ್ನೂ ಅವನ ಹಾಸಿಗೆಯ ಬಳಿಗೇ ಒಯ್ದು ಕೊಟ್ಟರು. ಅವನು ನಾಚಿಕೊಂಡು ಅಂದಿನಿಂದ ಎಲ್ಲರಿಗಿಂತ ಮೊದಲು ಏಳತೊಡಗಿದ. ಇಂಥ ತಂದೆಯ ಮಕ್ಕಳು ಬೈಗುಳ ತಿಂದಿರಲಿಕ್ಕಿಲ್ಲ, ಆದರೆ ತಪ್ಪು ಮಾಡಲು ಹೆದರಿರುತ್ತಾರೆ ಎಂದು ನನಗೆ ಅನ್ನಿಸಿತು.

ಈಗ ಅಬ್ಬಾ ಅಂದು ರಾತ್ರಿ ಹೇಳಿದ ವಿಷಯಕ್ಕೆ ಬರುತ್ತೇನೆ. ಜಾಕಿರ್ ಸಾಹೇಬರಿಗೆ ರೆಹಾನಾ ಎಂಬ ಇನ್ನೊಬ್ಬ ಮಗಳಿದ್ದಳು. ತುಂಬ ಮುದ್ದಿನ ಮಗು. ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಒಂದು ದಿನ ಮಕ್ಕಳಿಗೆ ಮಿಠಾಯಿ ಹಂಚುವ ಸಂಭ್ರಮ ನಡೆದಿತ್ತು. ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು, ಜಾಕಿರ್ ಸಾಹೇಬರೇ ತಮ್ಮ ಕೈಯಾರೆ ಹಂಚುತ್ತಿದ್ದರು. ಜವಾನ ಬಂದು, ರೆಹಾನಾಗೆ ಹುಷಾರಿಲ್ಲ ಎಂದು ಕಿವಿಯಲ್ಲಿ ಹೇಳಿದ. ಅವರು ಹಂಚುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದ. ಮಗು ತೀರಿಕೊಂಡಿದೆ ಎಂದ. ಜಾಕಿರ್ ಸಾಹೇಬರ ಮುಖ ಬಿಳಿಚಿಕೊಂಡಿತು. ಆದರೂ ಕೈ ನಿಲ್ಲಲಿಲ್ಲ. ಅಲ್ಲಿದ್ದವರಿಗೆ ವಿಷಯ ತಿಳಿದದ್ದು ಆಮೇಲೆ. ಕೂಡಲೇ ಯಾಕೆ ಎದ್ದು ಬರಲಿಲ್ಲ ಎಂದು ಕೇಳಿದವರಿಗೆ, ಮಕ್ಕಳು ಅಷ್ಟು ಖುಷಿಯಾಗಿದ್ದರು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದರಂತೆ.

ಇದನ್ನು ಕೇಳಿದಾಗ ನನಗೆ ಮೆಚ್ಚುಗೆ ಬರಲಿಲ್ಲ, ಸಿಟ್ಟು ಬಂತು. ನಿಮ್ಮಲ್ಲಿ ಕೆಲವರಿಗೂ ಬರಬಹುದು. ಆ ಸಾಲಿನಲ್ಲಿ ನಿಂತ ಮಕ್ಕಳಿಗೆ ಮಿಠಾಯಿಯನ್ನು ಬೇರೆ ಯಾರಾದರೂ ಕೊಡಬಹುದಿತ್ತು. ರೆಹಾನಾಗೆ ಇದ್ದದ್ದು ಒಬ್ಬರೇ ಅಪ್ಪ. ನಾನು ಇದನ್ನೇ ಅಬ್ಬಾಗೆ ಹೇಳಿದೆ. ಅವರು ತಲೆದೂಗಿ, ಕಥೆ ಅಲ್ಲಿಗೆ ಮುಗಿಯುವುದಿಲ್ಲ ಎಂದರು. ಶಾಹಜಹಾನ್ ಬೇಗಂ ಆಮೇಲೆ ಹೇಳಿಕೊಂಡದ್ದು ಇದು: ಅದಾದ ಮೇಲೆ ಎಷ್ಟೋ ದಿನ ಬೆಳಗ್ಗೆ ನೋಡಿದರೆ ಅವರ ದಿಂಬು ಒದ್ದೆಯಾಗಿರುತ್ತಿತ್ತು. ಹಗಲಿನಲ್ಲಿ ಯಾರೂ ಕಾಣದ ಕಣ್ಣೀರನ್ನು ಹೆಂಡತಿ ದಿಂಬಿನಲ್ಲಿ ಕಂಡಿದ್ದರು.

ಸಬ್ರ್ ಎಂದರೆ ಅಳದಿರುವುದು ಎಂದು ನಾವು ಎಷ್ಟೋ ಸಲ ತಪ್ಪು ತಿಳಿಯುತ್ತೇವೆ. ನಮ್ಮ ಪ್ರವಾದಿಯವರು (ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದ್ದರು. ಅದನ್ನು ಮರೆಮಾಚಲೂ ಇಲ್ಲ. ಜಾಕಿರ್ ಸಾಹೇಬರು ಅಂದು ಮಾಡಿದ್ದು ಸರಿಯೇ ಎಂಬ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಆದರೆ ಅವರಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಇತ್ತು ಎಂದು ಇನ್ನು ನಾನು ಹೇಳಲಾರೆ. ಅದಕ್ಕೆ ಕಾರಣ ಆ ದಿಂಬು ಮಾತ್ರವಲ್ಲ, ಒಂದು ಹೆಸರು ಕೂಡ.

ಜಾಮಿಯಾದಿಂದ ಮಕ್ಕಳಿಗಾಗಿ ಪಯಾಮೆ ತಾಲೀಮ್ ಎಂಬ ಉರ್ದು ಪತ್ರಿಕೆ ಹೊರಡುತ್ತಿತ್ತು. ಪ್ಲೇಟೋನ ಗ್ರಂಥವನ್ನು ಉರ್ದುವಿಗೆ ತಂದ ವಿದ್ವಾಂಸರು ಪುಟ್ಟ ಮಕ್ಕಳಿಗೆ ಕಥೆಗಳನ್ನೂ ಬರೆದರು. ಹಾಗೆ ಬರೆಯುವಾಗ ಅವರು ಬಳಸಿದ ಹೆಸರು ರುಖಯ್ಯಾ ರೆಹಾನಾ. ಚಿಕ್ಕಂದಿನಲ್ಲೇ ಹೊರಟುಹೋದ ಆ ಮಗಳ ಹೆಸರು. ಓದುವುದನ್ನು ಕಲಿಯುವಷ್ಟೂ ಬದುಕದ ಮಗು, ನೂರಾರು ಮಕ್ಕಳಿಗೆ ಕಥೆ ಹೇಳುವ ಲೇಖಕಿಯಾದಳು.

ಅವುಗಳಲ್ಲಿ ಹೆಚ್ಚು ಹೆಸರಾದದ್ದು ಅಬ್ಬೂ ಖಾನನ ಮೇಕೆಯ ಕಥೆ. ಹಿಮಾಲಯದ ಅಲ್ಮೋಡಾದಲ್ಲಿ ಅಬ್ಬೂ ಖಾನ್ ಎಂಬ ಒಂಟಿ ಮುದುಕನಿಗೆ ಮೇಕೆಗಳೆಂದರೆ ಪ್ರಾಣ. ಎಷ್ಟು ಚೆನ್ನಾಗಿ ನೋಡಿಕೊಂಡರೂ ಅವು ಹಗ್ಗ ಹರಿದುಕೊಂಡು ಬೆಟ್ಟಕ್ಕೆ ಓಡುತ್ತವೆ, ಅಲ್ಲಿ ತೋಳದ ಪಾಲಾಗುತ್ತವೆ. ಕೊನೆಗೆ ಬೆಳ್ಳಗಿನ ಒಂದು ಮರಿ ತಂದು ಚಾಂದನಿ ಎಂದು ಹೆಸರಿಟ್ಟು ಮಗಳಂತೆ ಸಾಕುತ್ತಾನೆ. ಅವಳೂ ಬೆಟ್ಟಕ್ಕೆ ಹೋಗುತ್ತಾಳೆ. ಒಂದು ದಿನವಿಡೀ ಇಷ್ಟಬಂದಂತೆ ಮೇಯುತ್ತಾಳೆ, ಕುಣಿಯುತ್ತಾಳೆ. ಸಂಜೆ ಕೆಳಗಿನಿಂದ ಅಬ್ಬೂ ಖಾನ್ ಕರೆಯುವುದು ಕೇಳಿದರೂ ಹಗ್ಗಕ್ಕೆ ಮರಳುವುದಿಲ್ಲ. ತೋಳ ಬರುತ್ತದೆ. ಗೆಲ್ಲಲಾರೆ ಎಂದು ಗೊತ್ತಿದ್ದೂ ಚಾಂದನಿ ರಾತ್ರಿಯಿಡೀ ಕೊಂಬಿನಿಂದ ಹೋರಾಡಿ, ಬೆಳಗಿನ ಅಜಾನ್ ಕೇಳುವ ಹೊತ್ತಿಗೆ ಬೀಳುತ್ತಾಳೆ. ಮರದ ಮೇಲಿನ ಹಕ್ಕಿಗಳು ತೋಳ ಗೆದ್ದಿತು ಎನ್ನುತ್ತವೆ. ಒಂದು ಮುದಿ ಹಕ್ಕಿ ಮಾತ್ರ ಗೆದ್ದದ್ದು ಚಾಂದನಿ ಎನ್ನುತ್ತದೆ.

ದೇಶ ಪರರ ಆಳ್ವಿಕೆಯಲ್ಲಿದ್ದ ಕಾಲದ ಈ ಕಥೆಯನ್ನು ಎಲ್ಲರೂ ಸ್ವಾತಂತ್ರ್ಯದ ಕಥೆಯಾಗಿ ಓದುತ್ತಾರೆ. ಅದು ನಿಜವೇ. ಆದರೆ ಹೆಣ್ಣುಮಕ್ಕಳ ತಂದೆಯೊಬ್ಬ, ಮಗಳ ಹೆಸರಿಟ್ಟುಕೊಂಡು, ಬೆಟ್ಟಕ್ಕೆ ಓಡಿಹೋದ ಹೆಣ್ಣು ಮೇಕೆಯನ್ನು ಬೈಯದೆ ಗೆಲ್ಲಿಸಿದ್ದಾನೆ ಎಂಬುದನ್ನೂ ನಾವು ಗಮನಿಸಬೇಕು ಎಂದು ನನಗನ್ನಿಸುತ್ತದೆ.

ಮಕ್ಕಳಿಗೆ ಅವರು ಕೊಡುತ್ತಿದ್ದ ಸ್ಥಾನ ಕಥೆಗಳಿಗಷ್ಟೇ ಸೀಮಿತವಾಗಿರಲಿಲ್ಲ. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ಯಾವ ನಾಯಕರೂ ಅಲ್ಲ, ಅಲ್ಲಿನ ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಮೂಲ ಶಿಕ್ಷಣದ ಯೋಜನೆ ರೂಪಿಸಿದ ಸಮಿತಿಗೆ ಜಾಕಿರ್ ಸಾಹೇಬರೇ ಅಧ್ಯಕ್ಷರು.

ರಜೆ ಎಂಬುದು ಅವರ ಬದುಕಿನಲ್ಲಿ ಅಪರೂಪ. 1947ರ ಆಗಸ್ಟ್‌ನಲ್ಲಿ ವಿಶ್ರಾಂತಿಗೆಂದು ಕಾಶ್ಮೀರಕ್ಕೆ ರೈಲಿನಲ್ಲಿ ಹೊರಟರು. ದೇಶ ವಿಭಜನೆಯ ಗಲಭೆಯಲ್ಲಿ ಜಲಂಧರ್ ನಿಲ್ದಾಣದಲ್ಲಿ ಕೊಲ್ಲಲು ಬಂದವರ ಕೈಗೆ ಸಿಕ್ಕರು. ಉಳಿಸಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ನೌಕರ. ಕಾಶ್ಮೀರ ನೋಡದೆ ದೆಹಲಿಗೆ ಹಿಂದಿರುಗಿದ ಅವರು ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಲಿಲ್ಲ. ನಿರಾಶ್ರಿತರ ಸೇವೆಗೆ ಇಳಿದರು.

ಆಮೇಲಿನದು ಕ್ವಿಜ್ ಪುಸ್ತಕದಲ್ಲಿದೆ. ಅಲಿಗಢ ವಿಶ್ವವಿದ್ಯಾಲಯದ ಕುಲಪತಿ, 1957ರಿಂದ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಅಂದು ಅವರು ಇಡೀ ದೇಶವೇ ತನ್ನ ಮನೆ, ಜನರೆಲ್ಲ ತನ್ನ ಕುಟುಂಬ ಎಂಬರ್ಥದ ಮಾತಾಡಿದರು. ಮಿಠಾಯಿ ಹಂಚಿದ ಆ ದಿನ ಗೊತ್ತಿರುವವರಿಗೆ ಅದು ಬರಿಯ ಭಾಷಣವಾಗಿ ಕೇಳಿಸುವುದಿಲ್ಲ. ಗುಲಾಬಿ ಬೆಳೆಸುವುದು, ಬಗೆಬಗೆಯ ಕಲ್ಲುಗಳನ್ನು ಕೂಡಿಸುವುದು ಅವರ ಹವ್ಯಾಸ. ಚಂಡೀಗಢದ ದೊಡ್ಡ ಗುಲಾಬಿ ತೋಟಕ್ಕೆ ಇವತ್ತಿಗೂ ಅವರದೇ ಹೆಸರು. 1969ರ ಮೇ 3ರಂದು ತೀರಿಕೊಂಡಾಗ ಅವರನ್ನು ದಫನ್ ಮಾಡಿದ್ದು ಜಾಮಿಯಾದ ಆವರಣದಲ್ಲಿ, ಮಕ್ಕಳ ಗದ್ದಲ ಕೇಳಿಸುವ ಜಾಗದಲ್ಲಿ.

ಅವರ ಮಗಳು ಸಯೀದಾ ತಂದೆಯ ಬಗ್ಗೆ ಉರ್ದುವಿನಲ್ಲಿ ಪುಸ್ತಕ ಬರೆದರು. ಸಯೀದಾ ಅವರ ಪತಿ ಖುರ್ಷಿದ್ ಆಲಂ ಖಾನ್ 1991ರಿಂದ 1999ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದರು. ಕಾಲೇಜಿನಲ್ಲಿ ಇದನ್ನು ಹೇಳಿದಾಗ ಹಿರಿಯ ಸಿಬ್ಬಂದಿಯವರಿಗೆ ರಾಜ್ಯಪಾಲರ ಹೆಸರು ನೆನಪಿತ್ತು. ಅವರ ಪತ್ನಿ ಯಾರ ಮಗಳು ಎಂಬುದು ಹಲವರಿಗೆ ಹೊಸ ವಿಷಯ.

ಅಬ್ಬಾ ವಿಶೇಷ ತರಗತಿ ಮುಗಿಸಿ, ರಜೆಯ ಕೊನೆಯ ಭಾನುವಾರ ನಮ್ಮನ್ನು ಜೋಗಕ್ಕೆ ಕರೆದೊಯ್ದರು. ನೀರು ಕಡಿಮೆಯಾಗಿತ್ತು, ತಂಗಿಗೆ ಅದರ ಚಿಂತೆ ಇರಲಿಲ್ಲ. ಬಸ್ಸಿನಲ್ಲಿ ನಾನು ಅಬ್ಬಾ ಪಕ್ಕದಲ್ಲಿ ಕುಳಿತು, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರು ನನ್ನ ಮಾತಿನಲ್ಲೂ ಅರ್ಧ ನಿಜವಿತ್ತು ಎಂದು ನಕ್ಕರು. ಮುಂದಿನ ಸೀಟಿನಲ್ಲಿ ಚಿಕ್ಕ ತಂಗಿ ಪಕ್ಕದ ಹುಡುಗಿಗೆ ಚಾಂದನಿಯ ಕಥೆ ಹೇಳುತ್ತಿದ್ದಳು. ಕಥೆ ಯಾರದು ಎಂದು ಆ ಹುಡುಗಿ ಕೇಳಿದಳು. ತಂಗಿ ಸ್ವಲ್ಪವೂ ಯೋಚಿಸದೆ ರುಖಯ್ಯಾ ರೆಹಾನಾಳ ಕಥೆ ಎಂದಳು. ಅಬ್ಬಾ ಕಿಟಕಿಯಾಚೆ ನೋಡುತ್ತಿದ್ದರು. ನಾವಿಬ್ಬರೂ ಅವಳನ್ನು ತಿದ್ದಲಿಲ್ಲ.