ಸರ್ಕಾರಿ ಬಸ್ಸು ತಂದ ನಿಜಾಮ: ಕೊಪ್ಪಳ ಸೀಮೆಗೆ ಕೊಟ್ಟಿದ್ದೇನು, ಕಸಿದಿದ್ದೇನು?

ಕೊಪ್ಪಳ: ಕುಷ್ಟಗಿ, ಯಲಬುರ್ಗಾ, ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ದಿನಾ ನಾವು ಹತ್ತೋ ಸರ್ಕಾರಿ ಬಸ್ಸಿನ ಕಥೆ ಬೆಂಗಳೂರಿನಿಂದ ಶುರುವಾಗಿದ್ದಲ್ಲ. ನಮ್ಮ ಕಡೆಯ ಮಟ್ಟಿಗೆ ಅದರ ಬೇರು ಹೈದರಾಬಾದಿನಲ್ಲಿದೆ. ಆ ಬಸ್ಸಿಗೆ ಒಪ್ಪಿಗೆ ಕೊಟ್ಟವನು ಕೊನೆಯ ನಿಜಾಮ, ಮೀರ್ ಉಸ್ಮಾನ್ ಅಲಿ ಖಾನ್.

ಹುಟ್ಟಿದ್ದು 1886ರ ಏಪ್ರಿಲ್‌ನಲ್ಲಿ, ಹೈದರಾಬಾದಿನ ಪುರಾನಿ ಹವೇಲಿಯಲ್ಲಿ. ಅಪ್ಪ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್, ತಾಯಿ ಜೆಹ್ರಾ ಬೇಗಂ. 1911ರ ಆಗಸ್ಟ್‌ನಲ್ಲಿ ಅಪ್ಪ ತೀರಿಕೊಂಡಾಗ ಗಾದಿಗೆ ಕೂತ ಉಸ್ಮಾನ್ ಅಲಿಗೆ ಆಗ 25 ವರ್ಷ. ನಮ್ಮ ನಾಲ್ಕೂ ತಾಲೂಕು ಆಗ ಇದೇ ಸಂಸ್ಥಾನದ ರಾಯಚೂರು ಜಿಲ್ಲೆಯ ಸೀಮೆ. ಅದರೊಳಗೆ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು.

ಅಪ್ಪ ಆರ್ಡರ್ ಮಾಡಿದ್ದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರು ಬಂದು ಮುಟ್ಟಿದ್ದು ಮಗನ ಕಾಲಕ್ಕೆ. ಹಳದಿ ಬಣ್ಣ, ಹಿಂದೆ ಸಿಂಹಾಸನದಂಥ ಸೀಟು. ಆದರೆ ಅದು ಓಡಿದ್ದು ಕೆಲವೇ ನೂರು ಮೈಲಿ. ಈಗ ಚೌಮಹಲ್ಲಾ ಅರಮನೆಯಲ್ಲಿ ನೋಡೋಕೆ ಸಿಗುತ್ತೆ. 1937ರಲ್ಲಿ ಟೈಮ್ ಪತ್ರಿಕೆ ಈತನನ್ನು ಜಗತ್ತಿನ ಅತಿ ದೊಡ್ಡ ಶ್ರೀಮಂತ ಅಂತ ಮುಖಪುಟಕ್ಕೆ ಹಾಕಿತು. ಅಷ್ಟಿದ್ದರೂ ಖರ್ಚಿನಲ್ಲಿ ಮಹಾ ಬಿಗಿ. ಮಾಸಿದ ಬಟ್ಟೆ, ಹಳೇ ಟೋಪಿಯಲ್ಲೇ ಇರ್ತಿದ್ದ ಅನ್ನೋದು ಮನೆಮಾತು.

ಬಸ್ಸಿನ ವಿಷಯಕ್ಕೆ ಬರೋಣ. 1930ರಲ್ಲಿ ಸಂಸ್ಥಾನ ತನ್ನ ರೈಲ್ವೆಯನ್ನು ಕಂಪನಿಯಿಂದ ಕೊಂಡು ಕೈಗೆ ತಗೊಂಡಿತು. ರೈಲು ಮುಟ್ಟದ ಊರಿಗೆ ಬಸ್ಸು ಓಡಿಸೋಣ ಅಂತ 1932ರ ಜೂನ್‌ನಲ್ಲಿ ರೈಲ್ವೆಯ ಅಡಿಯಲ್ಲೇ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. ಆಗ ಇದ್ದದ್ದು 27 ಬಸ್ಸು, 166 ನೌಕರರು. ದೇಶದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಮೊದಲ ಜಾಗಗಳಲ್ಲಿ ಇದೂ ಒಂದು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಬಂದಿದ್ದು 1948ರಲ್ಲಿ, ಅಂದ್ರೆ 16 ವರ್ಷ ತಡವಾಗಿ.

ಆ ಬಸ್ಸುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಆಲ್ಬಿಯನ್ ಕಂಪನಿಯವು. ಈ ಕಂಪನಿ 1951ರಲ್ಲಿ ಲೇಲ್ಯಾಂಡ್ ಜೊತೆ ಸೇರಿತು. ಅದೇ ಲೇಲ್ಯಾಂಡ್ ಹೆಸರು ಇವತ್ತಿನ ಅಶೋಕ್ ಲೇಲ್ಯಾಂಡ್ ಬಸ್ಸಿನ ಮೂತಿ ಮೇಲಿದೆ.

ಆ ಕಾಲದ ಬಸ್ಸು ಓಡಿಸೋದು ಈಗಿನಂತೆ ಸಲೀಸಿರಲಿಲ್ಲ. ಎಂಜಿನ್ ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಕೈ ಜಾರಿದರೆ ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು ಮುರಿಯುತ್ತೆ. ಗೇರ್ ಇಳಿಸಬೇಕಾದ್ರೆ ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ನಡುವೆ ಎಕ್ಸಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಎಂಜಿನ್ ಸದ್ದು ಕೇಳಿ ಹದ ಹಿಡಿಯದಿದ್ರೆ ಗೇರ್ ಕಿರಗುಡುತ್ತೆ. ಪವರ್ ಸ್ಟೀರಿಂಗ್ ಇಲ್ಲ, ರಟ್ಟೆಬಲವೇ ಗತಿ. ಬೇಸಿಗೆಯಲ್ಲಿ ರೇಡಿಯೇಟರಿಗೆ ದಾರಿಯುದ್ದಕ್ಕೂ ನೀರು. ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆಗಿಳಿದರೆ ಚಕ್ರ ಹೂತು, ಪ್ರಯಾಣಿಕರೇ ಇಳಿದು ನೂಕಬೇಕು.

ಹೈದರಾಬಾದಿನ ಸರ್ಕಾರಿ ಬಸ್ಸುಗಳ ನಂಬರಿನಲ್ಲಿರೋ ಝಡ್ ಅಕ್ಷರ ನಿಜಾಮನ ತಾಯಿ ಜೆಹ್ರಾ ಹೆಸರಿನ ಗುರುತು ಅಂತ ಅಲ್ಲಿನವರು ಹೇಳ್ತಾರೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಕಥೆ ಆಗುತ್ತೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠ ಉರ್ದುವಿನಲ್ಲಿ. ಆಡಳಿತದ ಭಾಷೆಯೂ ಅದೇ. ಕನ್ನಡ ಮಾತಾಡೋ ನಮ್ಮ ಸೀಮೆಯವರು ಕಚೇರಿ ಕಾಗದ ಓದೋಕೆ ಇನ್ನೊಬ್ಬರ ಮುಂದೆ ನಿಲ್ಲಬೇಕಿತ್ತು. 1947ರಲ್ಲಿ ದೇಶ ಸ್ವತಂತ್ರವಾದರೂ ನಿಜಾಮ ಭಾರತಕ್ಕೆ ಸೇರಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಹಳ್ಳಿಗೆ ನುಗ್ಗಿದರು. ಆತ ಅವರನ್ನು ತಡೆಯಲಿಲ್ಲ. ಎಷ್ಟೋ ಕುಟುಂಬ ಮನೆಮಠ ಬಿಟ್ಟು ಗಡಿ ದಾಟಿದವು. ಅಳವಂಡಿ ಶಿವಮೂರ್ತಿಸ್ವಾಮಿ ಮುಂಡರಗಿ ಶಿಬಿರದಿಂದ ಹೋರಾಟ ನಡೆಸಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಆ ದಿನವನ್ನೇ ನಾವು ಕಲ್ಯಾಣ ಕರ್ನಾಟಕ ಉತ್ಸವ ಅಂತ ಆಚರಿಸ್ತೀವಿ.

ತುಂಗಭದ್ರೆಯ ಲೆಕ್ಕವೂ ಇದರ ಜೊತೆಗಿದೆ. 1945ರ ಫೆಬ್ರುವರಿ 28ರಂದು ಹೈದರಾಬಾದ್ ಕಡೆಯ ದಂಡೆಯಲ್ಲಿ ಡ್ಯಾಮಿಗೆ ಅಡಿಗಲ್ಲು ಹಾಕಿದವನು ಈತನ ಹಿರಿಮಗ ಅಜಂ ಜಾ. ಗಂಗಾವತಿಯ ಭತ್ತ, ಅಕ್ಕಿ ಮಿಲ್ಲು, ಅಲ್ಲಿನ ಅಂಗಡಿ ವ್ಯಾಪಾರ ಎಲ್ಲ ಬೆಳೆದದ್ದು ಆ ನೀರಿನ ಮೇಲೆ.

ಶರಣಾದ ಮೇಲೂ ನಿಜಾಮ 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖನಾಗಿದ್ದ. 1951ರಲ್ಲಿ ಬಸ್ಸು ರೈಲ್ವೆಯಿಂದ ಬೇರೆಯಾಯಿತು. 1956ರ ನವೆಂಬರ್ 1ಕ್ಕೆ ನಮ್ಮ ಸೀಮೆ ಮೈಸೂರು ರಾಜ್ಯ ಸೇರಿತು, ಸರ್ಕಾರಿ ಬಸ್ಸೂ ಬೆಂಗಳೂರಿನ ಆಡಳಿತಕ್ಕೆ ಬಂತು. 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ಸಾರಿಗೆ ಸಂಸ್ಥೆ ಆಯಿತು, 2021ರಲ್ಲಿ ಅದಕ್ಕೇ ಕಲ್ಯಾಣ ಕರ್ನಾಟಕ ಸಾರಿಗೆ ಅಂತ ಹೆಸರಿಟ್ಟರು. ಉಸ್ಮಾನ್ ಅಲಿ 1967ರ ಫೆಬ್ರುವರಿ 24ರಂದು ಕಿಂಗ್ ಕೋಠಿಯಲ್ಲಿ ತೀರಿಕೊಂಡ. ಎದುರಿನ ಜೂದಿ ಮಸೀದಿಯಲ್ಲಿ ಸಮಾಧಿ ಇದೆ.

1932ರ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನ ಬಸ್ ಭವನದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಕಡೆಯ ಹಳೇ ಬಸ್ಸುಗಳಿಗೆ ಆ ಭಾಗ್ಯ ಕಷ್ಟ. 15 ವರ್ಷ ದಾಟಿದ ಸರ್ಕಾರಿ ವಾಹನ ಗುಜರಿಗೆ ಹೋಗಬೇಕು ಅನ್ನೋ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಸಾರಿಗೆ ಸಂಸ್ಥೆಯ ಬಸ್ಸಿಗೂ ಅದು ಅನ್ವಯ. ಗುಜರಿಗೆ ಹೋಗೋ ಮುಂಚೆ ಒಂದನ್ನಾದರೂ ತೊಳೆದು, ಬಣ್ಣ ಹೊಡೆದು ಕೊಪ್ಪಳ ಡಿಪೋದ ಮೂಲೆಯಲ್ಲಿ ನಿಲ್ಲಿಸಿದರೆ, ಮಕ್ಕಳಿಗೆ ಬಸ್ಸಿನ ಕಥೆ ಹೇಳಬಹುದು. ಸೆಪ್ಟೆಂಬರ್ 17ರ ಕಥೆಯನ್ನೂ ಅಲ್ಲೇ ನಿಂತು ಹೇಳಬಹುದು. ಎರಡೂ ಒಂದೇ ಕಾಲದವು.