ಮೋದಿ ಡಾಕ್ಟ್ರು ಅಂದ್ರೆ ಕಣ್ಣಿನ ಡಾಕ್ಟ್ರು

ಮೋದಿ ಅಂದ ಕೂಡ್ಲೇ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಪ್ರಧಾನಿ ನೆನಪಾಗ್ತಾರೆ. ಗಂಗಾವತಿ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜನಿಗೆ ಮಾತ್ರ ಮೋದಿ ಅಂದ್ರೆ ಇವತ್ತಿಗೂ ಕಣ್ಣಿನ ಡಾಕ್ಟ್ರು. ನಾನು ಈ ಹೆಸರು ಮೊದಲು ಕೇಳಿದ್ದು ಅಜ್ಜನ ಬಾಯಲ್ಲೇ.

ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಆಗ ಅದು ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ಕುಷ್ಟಗಿ, ಇಳಕಲ್ ದಾಟಿ ಹೋದ್ರೆ ಸಿಗುವ ಸೀಮೆ, ಅಂದ್ರೆ ನಮ್ಮ ನೆರೆಯವರೇ. ಬೆಳಗಾವಿಯಲ್ಲಿ ಆಯುರ್ವೇದ ಓದಿದರು. 1942ರ ಚಳವಳಿ ಹೊತ್ತಲ್ಲಿ ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ ಸ್ವಂತ ಪ್ರಾಕ್ಟೀಸ್ ಬಿಟ್ಟರು. 1943ರಿಂದ ಊರೂರಿಗೆ ಹೋಗಿ ಉಚಿತವಾಗಿ ಕಣ್ಣಿನ ಪೊರೆ ತೆಗೆಯೋದೇ ಅವರ ಕೆಲಸ ಆಯ್ತು.

ಆಸ್ಪತ್ರೆಗೆ ಬರಲಾಗದ ಬಡವರ ಹತ್ತಿರ ಆಸ್ಪತ್ರೆಯೇ ಹೋಗಬೇಕು ಅನ್ನೋದು ಅವರ ಲೆಕ್ಕ. ರೋಗಿಗಳನ್ನು ಸಾಲಾಗಿ ಮಲಗಿಸಿ, ಒಂದು ಟೇಬಲ್‌ನಲ್ಲಿ ಆಪರೇಷನ್ ಮುಗಿಯೋದರೊಳಗೆ ಮುಂದಿನವರನ್ನು ರೆಡಿ ಮಾಡಿಸ್ತಿದ್ದರು. ನಾವು ಕ್ಲಾಸಲ್ಲಿ ಓದುವ ಅಸೆಂಬ್ಲಿ ಲೈನ್ ಇದೇ ಅಲ್ವಾ? ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿದೆ. 1993ರ ಫೆಬ್ರವರಿವರೆಗೆ 46,120 ಹಳ್ಳಿ, 6,10,564 ಆಪರೇಷನ್ ಅಂತ ಅದೇ ಪುಸ್ತಕ ಹೇಳುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ದಾವಣಗೆರೆಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಆಸ್ಪತ್ರೆ ಕಟ್ಟಿದರು.

ಇಷ್ಟು ದೊಡ್ಡ ಕೈಗೂ ಆಗದ ಒಂದು ಕೆಲಸ ಇತ್ತು. ಅದು ನನಗೆ ಅರ್ಥ ಆಗಿದ್ದು ನಮ್ಮ ಅಜ್ಜಿಯ ಎಡಗಣ್ಣಿನಿಂದ.

ಭತ್ತ ಬಡಿಯುವಾಗ ಅಜ್ಜಿಯ ಕಣ್ಣಿಗೆ ತೆನೆ ತಾಗಿತ್ತಂತೆ. ಯಾರೋ ಸೊಪ್ಪಿನ ರಸ ಬಿಟ್ಟರು, ಇನ್ಯಾರೋ ಎದೆಹಾಲು ಬಿಟ್ಟರು. ನಾಲ್ಕೈದು ದಿನ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿದರು. ಕಣ್ಣಲ್ಲಿ ಬಿಳಿ ಹೂ ಬಿತ್ತು. ವರ್ಷಗಳಾದ ಮೇಲೆ ಅಜ್ಜ ಅವರನ್ನು ಒಂದು ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದರು, ಮೋದಿ ಡಾಕ್ಟ್ರ ಹಾಗೆ ಇವರೂ ಬರಿಸಿಕೊಡ್ತಾರೆ ಅಂತ. ಅಲ್ಲಿ ಇದು ಪೊರೆ ಅಲ್ಲ ಅಂದು ವಾಪಸ್ ಕಳಿಸಿದರು.

ಪೊರೆ ಬರೋದು ಕಣ್ಣಿನ ಒಳಗಿನ ಲೆನ್ಸಿಗೆ. ಸಾಮಾನ್ಯವಾಗಿ ಅದು ಶಿಬಿರ ಬರೋವರೆಗೆ ಕಾಯುತ್ತೆ, ತೆಗೆದರೆ ದೃಷ್ಟಿ ಮರಳುತ್ತೆ. ತೆನೆ ಗೀರೋದು ಮುಂದಿನ ಕಾರ್ನಿಯಾವನ್ನು. ಆ ಗೀರಲ್ಲಿ ಶಿಲೀಂಧ್ರ ಬೆಳೆದರೆ ಹುಣ್ಣಾಗಿ ಕಲೆ ಉಳಿಯುತ್ತೆ. ಆಮೇಲೆ ಸತ್ತವರು ದಾನ ಮಾಡಿದ ಕಾರ್ನಿಯಾ ಹಾಕಿದ್ರೆ ಮಾತ್ರ ಏನಾದ್ರೂ ಆಗಬಹುದು. ಅಂದ್ರೆ ಗಾಯದ ಕಣ್ಣಿಗೆ ಡಾಕ್ಟ್ರು ಅದೇ ದಿನ ಬೇಕು. ರಸ, ತುಪ್ಪ, ಅಂಗಡಿಯ ಡ್ರಾಪ್ಸ್ ಯಾವುದೂ ಬೇಡ, ಉಜ್ಜೋದಂತೂ ಬೇಡವೇ ಬೇಡ.

ಸುಣ್ಣ ಬಿದ್ದರೆ ಕಥೆ ಬೇರೆ. ಎಲೆ-ಅಡಿಕೆ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದ್ರೆ ಡಾಕ್ಟ್ರನ್ನು ಹುಡುಕೋ ಮೊದಲು ನೀರು. ರೆಪ್ಪೆ ಬಿಡಿಸಿ, ಕಣದ ಸುಣ್ಣ ಹೋಗೋ ಹಾಗೆ ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಹರಿಸಿ, ಆಮೇಲೆ ಆಸ್ಪತ್ರೆ. ಬ್ಯಾಟರಿ ಆಸಿಡ್‌ಗೂ ಇದೇ. ನಮ್ಮ ವರ್ಕ್‌ಶಾಪಲ್ಲಿ ಗ್ರೈಂಡಿಂಗ್ ಮಾಡುವಾಗ ಲೋಹದ ಚೂರು ಚುಚ್ಚಿಕೊಂಡರೆ ಮಾತ್ರ ಕೀಳಬೇಡಿ, ತೊಳೆಯಬೇಡಿ, ಒತ್ತಬೇಡಿ. ಒಂದು ಪೇಪರ್ ಕಪ್ಪನ್ನು ಕಣ್ಣಿಗೆ ತಾಗದ ಹಾಗೆ ಮುಚ್ಚಿ ಹೊರಡಿ.

ಮೋದಿ ಡಾಕ್ಟ್ರು ತೀರಿಕೊಂಡಿದ್ದು 2005ರ ನವೆಂಬರ್‌ನಲ್ಲಿ, ಬೆಂಗಳೂರಲ್ಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಹೋದ ಸುಗ್ಗಿಯಲ್ಲಿ ನಮ್ಮ ಕಾಕಾನ ಕಣ್ಣಿಗೆ ತೆನೆ ಬಡಿಯಿತು. ಯಾರೋ ಸೊಪ್ಪು ಅರೆಯೋಕೆ ಎದ್ದರು. ಅಜ್ಜಿ ಕೋಲು ಊರಿಕೊಂಡು ಅಂಗಳಕ್ಕೆ ಬಂದು, ಮೊದಲು ಗಾಡಿ ತೆಗೀರೋ ಅಂತ ಬೈದರು. ಅಮಾವಾಸ್ಯೆ ಹೊತ್ತಿಗೆ ಕಾಕಾ ಮತ್ತೆ ಗದ್ದೆಗೆ ಹೋದ್ರು, ಎರಡೂ ಕಣ್ಣು ಕಾಣ್ತಾವೆ.